ವೈದ್ಯಕೀಯ ಸಹನಿರ್ಧಾರ

ವೈದ್ಯಕೀಯ ಸಹನಿರ್ಧಾರ ಎಂದರೆ ಚಿಕಿತ್ಸೆಗೆ ಒಂದಕ್ಕಿಂತ ಹೆಚ್ಚು ದಾರಿಗಳಿರುವಾಗ ವೈದ್ಯರು, ರೋಗಿ ಮತ್ತು ರೋಗಿಯ ಮನೆಯವರು ಮಾಹಿತಿ ಹಂಚಿಕೊಂಡು, ಚರ್ಚಿಸಿ, ರೋಗಿಯ ಬದುಕಿಗೆ ಹೊಂದುವ ತೀರ್ಮಾನಕ್ಕೆ ಬರುವ ವಿಧಾನ. ರೋಗದ ಸ್ವರೂಪ, ಚಿಕಿತ್ಸೆಯ ಫಲ, ಅಪಾಯ ಇವುಗಳ ತಿಳಿವಳಿಕೆ ವೈದ್ಯರಲ್ಲಿರುತ್ತದೆ. ಎಷ್ಟು ನೋವು ತಾಳಬಹುದು, ಯಾವ ಕೆಲಸ ಬಿಡಲಾಗದು, ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಹಣ ಎಲ್ಲಿಂದ ಬರಬೇಕು ಎಂಬುದು ರೋಗಿಗೂ ಮನೆಯವರಿಗೂ ಮಾತ್ರ ಗೊತ್ತು. ಎರಡೂ ಸೇರದೆ ಸಹನಿರ್ಧಾರ ಆಗುವುದಿಲ್ಲ.

ಪರಿಭಾಷೆ

ಈ ಲೇಖನದಲ್ಲಿ 'ತಿಳಿದು ಕೊಟ್ಟ ಒಪ್ಪಿಗೆ' ಎಂಬುದನ್ನು ಚಿಕಿತ್ಸೆಯ ಉದ್ದೇಶ, ಅಪಾಯ, ಪರ್ಯಾಯಗಳನ್ನು ಅರಿತ ಮೇಲೆ ರೋಗಿ ನೀಡುವ ಸಮ್ಮತಿ ಎಂಬ ಅರ್ಥದಲ್ಲಿ ಬಳಸಿದೆ. ಸಹನಿರ್ಧಾರ ಇದಕ್ಕಿಂತ ವಿಶಾಲವಾದುದು. ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದ ಮಾತ್ರಕ್ಕೆ ಸಹನಿರ್ಧಾರ ನಡೆದಂತಾಗುವುದಿಲ್ಲ. ಸಹಿ ಅದರ ಕೊನೆಯ ಹಂತ. ರೋಗಿ ತಾನೇ ತೀರ್ಮಾನಿಸಲಾರದ ಸ್ಥಿತಿಯಲ್ಲಿದ್ದಾಗ ಅವರ ಪರವಾಗಿ ಮಾತನಾಡುವವರನ್ನು 'ಬದಲಿ ನಿರ್ಧಾರಕ' ಎಂದೂ, ಅಂಥ ಸ್ಥಿತಿ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ವ್ಯಕ್ತಿ ಮೊದಲೇ ಬರೆದಿಡುವ ಪತ್ರವನ್ನು 'ಮುಂಗಡ ನಿರ್ದೇಶನ' ಎಂದೂ ಕರೆಯಲಾಗಿದೆ. ಎರಡನೆಯದನ್ನು ಪತ್ರಿಕೆಗಳು 'ಲಿವಿಂಗ್ ವಿಲ್' ಎಂದು ಬರೆಯುವುದುಂಟು. ಆಸ್ತಿ ಹಂಚುವ ಉಯಿಲಿಗೂ ಇದಕ್ಕೂ ಸಂಬಂಧವಿಲ್ಲ.

ಉಗಮ ಮತ್ತು ಬೆಳವಣಿಗೆ

ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಶುಶ್ರೂಷೆ ಮಾಡುವವರು, ರೋಗಿ. ರೋಗಿಯೂ ಆರೈಕೆ ಮಾಡುವವರೂ ಇಲ್ಲಿ ಚಿಕಿತ್ಸೆಯ ಅಂಗಗಳೇ. ಆದರೆ ಅವರಿಗೆ ಹೇಳಿರುವುದು ಕರ್ತವ್ಯ, ಆಯ್ಕೆಯ ಅಧಿಕಾರವಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂತ್ರಾಶಯದ ಕಲ್ಲು ತೆಗೆಯುವ ಶಸ್ತ್ರಕ್ರಿಯೆಯ ಪ್ರಸಂಗ ಬರುತ್ತದೆ. ಕೊಯ್ಯದಿದ್ದರೆ ಸಾವು ಖಚಿತ, ಕೊಯ್ದರೂ ಫಲ ಅನುಮಾನ ಎಂಬಂಥ ಸ್ಥಿತಿಯಲ್ಲಿ ಒಡೆಯನ ಅನುಮತಿ ಪಡೆದು ಮುಂದುವರಿಯಬೇಕೆಂದು ಅಲ್ಲಿ ವಿಧಿಸಲಾಗಿದೆ. ಅನುಮತಿ ಕೊಡುವವನು ಒಡೆಯನೇ ಹೊರತು ರೋಗಿಯಲ್ಲ ಎಂಬುದು ಗಮನಾರ್ಹ.

ರೋಗಿಯ ಸಮ್ಮತಿಯನ್ನು ಹಕ್ಕಾಗಿ ಕಂಡದ್ದು 20ನೆಯ ಶತಮಾನ. 1914ರಲ್ಲಿ ನ್ಯೂಯಾರ್ಕಿನ ಶ್ಲೋಯೆಂಡಾರ್ಫ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕಾರ್ಡೋಜೊ, ಸ್ವಸ್ಥ ಮನಸ್ಸಿನ ವಯಸ್ಕರಿಗೆ ತಮ್ಮ ದೇಹದ ಮೇಲೆ ಏನು ನಡೆಯಬೇಕೆಂದು ತೀರ್ಮಾನಿಸುವ ಹಕ್ಕಿದೆ ಎಂದರು. ನಾಜಿ ವೈದ್ಯರ ವಿಚಾರಣೆಯ ನಂತರ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆ, ಮಾನವರ ಮೇಲಿನ ಪ್ರಯೋಗಗಳಿಗೆ ಸ್ವಯಂಪ್ರೇರಿತ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. 1957ರ ಸಾಲ್ಗೊ ಮತ್ತು 1972ರ ಕ್ಯಾಂಟರ್ಬರಿ ತೀರ್ಪುಗಳು ಅಮೆರಿಕದಲ್ಲಿ ವೈದ್ಯರು ಎಷ್ಟು ಹೇಳಬೇಕೆಂಬ ಪ್ರಶ್ನೆಯನ್ನು ಬೆಳೆಸಿದವು. 'ಸಹನಿರ್ಧಾರ'ವನ್ನು ವೈದ್ಯ-ರೋಗಿ ಸಂಬಂಧದ ಆದರ್ಶವಾಗಿ ಮುಂದಿಟ್ಟದ್ದು ಅಮೆರಿಕದ ಅಧ್ಯಕ್ಷರ ಆಯೋಗದ 1982ರ ವರದಿ. ಕೆನಡಾದ ಚಾರ್ಲ್ಸ್, ಗಫ್ನಿ ಮತ್ತು ವೀಲನ್ 1997ರಲ್ಲಿ ಅದರ ಲಕ್ಷಣಗಳನ್ನು ಗುರುತಿಸಿದರು: ಕನಿಷ್ಠ ಇಬ್ಬರು ಪಾಲ್ಗೊಳ್ಳಬೇಕು, ಮಾಹಿತಿ ಎರಡೂ ಕಡೆಯಿಂದ ಹರಿಯಬೇಕು, ತೀರ್ಮಾನಕ್ಕೆ ಇಬ್ಬರ ಸಮ್ಮತಿಯೂ ಇರಬೇಕು. ಬ್ರಿಟನ್ನಿನಲ್ಲಿ 2015ರ ಮಾಂಟ್ಗೊಮೆರಿ ತೀರ್ಪಿನ ನಂತರ, ಸಾಮಾನ್ಯ ವೈದ್ಯರು ಹೇಳುವಷ್ಟನ್ನು ಹೇಳಿದರೆ ಸಾಕು ಎಂಬ ಅಳತೆ ಹೋಗಿ, ಆ ರೋಗಿಗೆ ಮುಖ್ಯವೆನಿಸುವ ಅಪಾಯವನ್ನು ಹೇಳಲೇಬೇಕು ಎಂಬ ಅಳತೆ ಬಂತು.

ವೈದ್ಯರ ನಡವಳಿಕೆ ಬದಲಾದ ವೇಗ ಎರಡು ಅಮೆರಿಕನ್ ಸಮೀಕ್ಷೆಗಳಿಂದ ತಿಳಿಯುತ್ತದೆ. 1961ರಲ್ಲಿ ಪ್ರಶ್ನಿಸಿದ ವೈದ್ಯರಲ್ಲಿ ಸುಮಾರು 90 ಪ್ರತಿಶತ ಮಂದಿ ಕ್ಯಾನ್ಸರನ್ನು ರೋಗಿಗೆ ತಿಳಿಸದಿರಲು ಇಷ್ಟಪಡುತ್ತಿದ್ದರು. 1979ರ ಸಮೀಕ್ಷೆಯಲ್ಲಿ 97 ಪ್ರತಿಶತ ಮಂದಿ ತಿಳಿಸುತ್ತೇವೆ ಎಂದರು. ರೋಗಿಗಳ ನಿಲುವು ಎಲ್ಲೆಡೆ ಹೀಗೆಯೇ ಇರಲಿಲ್ಲ. 1995ರಲ್ಲಿ ಲಾಸ್ ಏಂಜಲೀಸಿನ 800 ಹಿರಿಯರನ್ನು ವಿಚಾರಿಸಿದ ಅಧ್ಯಯನದಲ್ಲಿ, ಹರಡಿದ ಕ್ಯಾನ್ಸರನ್ನು ರೋಗಿಗೆ ಹೇಳಬೇಕು ಎಂದವರು ಯೂರೋಪ್ ಮೂಲದವರಲ್ಲಿ 87 ಪ್ರತಿಶತ, ಕೊರಿಯಾ ಮೂಲದವರಲ್ಲಿ 47 ಪ್ರತಿಶತ. ನಿರ್ಧಾರದ ಕೇಂದ್ರ ವ್ಯಕ್ತಿಯೋ ಕುಟುಂಬವೋ ಎಂಬ ಚರ್ಚೆಗೆ ಈ ಅಧ್ಯಯನವನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ಸ್ವರೂಪ

ಗ್ಲಿನ್ ಎಲ್ವಿನ್ ಮತ್ತು ಸಂಗಡಿಗರು 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಮಾದರಿಯಲ್ಲಿ ಮೂರು ಮಾತುಕತೆಗಳಿವೆ. ಮೊದಲನೆಯದು ಜೊತೆಗೂಡುವ ಮಾತು: ಇಲ್ಲಿ ಆಯ್ಕೆಯಿದೆ, ಸೇರಿ ಯೋಚಿಸೋಣ ಎಂದು ವೈದ್ಯರು ತಿಳಿಸುವುದು. ಎರಡನೆಯದು ಆಯ್ಕೆಗಳ ಮಾತು: ಪ್ರತಿಯೊಂದರ ಲಾಭ, ಹಾನಿ, ಏನೂ ಮಾಡದಿದ್ದರೆ ಆಗುವುದೇನು ಎಂಬ ವಿವರ. ಮೂರನೆಯದು ತೀರ್ಮಾನದ ಮಾತು. ಆಚರಣೆಯಲ್ಲಿ ಇವು ಹಿಂದೆಮುಂದೆ ಆಗುತ್ತವೆ. ದೊಡ್ಡ ತೀರ್ಮಾನಗಳು ಒಂದೇ ಭೇಟಿಯಲ್ಲಿ ಮುಗಿಯುವುದು ಅಪರೂಪ.

ಅಪಾಯವನ್ನು ಹೇಳುವ ರೀತಿಗೂ ಮಹತ್ವವಿದೆ. 'ಸ್ವಲ್ಪ ರಿಸ್ಕ್ ಇದೆ' ಎಂಬ ಮಾತನ್ನು ಒಬ್ಬರು ಸಾವಿರದಲ್ಲಿ ಒಂದು ಎಂದೂ ಇನ್ನೊಬ್ಬರು ನೂರರಲ್ಲಿ ಹತ್ತು ಎಂದೂ ತಿಳಿಯಬಹುದು. ಆದ್ದರಿಂದ 'ಇಂಥ ನೂರು ಜನರಲ್ಲಿ ಇಷ್ಟು ಮಂದಿಗೆ' ಎಂದು ಹೇಳುವುದನ್ನು ತರಬೇತಿಗಳಲ್ಲಿ ಕಲಿಸುತ್ತಾರೆ. ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವಂತೆ ರೋಗಿಯನ್ನು ಕೋರುವುದು ಇನ್ನೊಂದು ರೂಢಿಗತ ಕ್ರಮ. ಕಹಿ ಸುದ್ದಿ ತಿಳಿಸಲು ಬೈಲ್, ಬಕ್ಮನ್ ಮೊದಲಾದವರು 2000ದಲ್ಲಿ ಪ್ರಕಟಿಸಿದ ಆರು ಹೆಜ್ಜೆಗಳ 'ಸ್ಪೈಕ್ಸ್' ಕ್ರಮದಲ್ಲಿ, ಹೇಳುವ ಮುನ್ನ ರೋಗಿಗೆ ಈಗಾಗಲೇ ಏನು ಗೊತ್ತಿದೆ, ಇನ್ನೆಷ್ಟು ತಿಳಿಯಲು ಇಷ್ಟ ಎಂದು ವಿಚಾರಿಸುವ ಹೆಜ್ಜೆಗಳು ಸೇರಿವೆ.

ಬಗೆಗಳು

ಎಜೆಕಿಯಲ್ ಇಮ್ಯಾನುಯೆಲ್ ಮತ್ತು ಲಿಂಡಾ ಇಮ್ಯಾನುಯೆಲ್ 1992ರಲ್ಲಿ ವೈದ್ಯ-ರೋಗಿ ಸಂಬಂಧದ ನಾಲ್ಕು ಮಾದರಿಗಳನ್ನು ವಿವರಿಸಿದರು. ಪಿತೃಭಾವದ ಮಾದರಿಯಲ್ಲಿ ವೈದ್ಯರೇ ತೀರ್ಮಾನಿಸುತ್ತಾರೆ. ಮಾಹಿತಿ ಮಾದರಿಯಲ್ಲಿ ವೈದ್ಯರು ವಿವರ ಕೊಟ್ಟು ಸುಮ್ಮನಾಗುತ್ತಾರೆ. ವ್ಯಾಖ್ಯಾನ ಮಾದರಿಯಲ್ಲಿ ರೋಗಿಗೆ ತನ್ನ ಆದ್ಯತೆಗಳನ್ನು ಸ್ಪಷ್ಟಪಡಿಸಿಕೊಳ್ಳಲು ನೆರವಾಗುತ್ತಾರೆ. ವಿಮರ್ಶಾ ಮಾದರಿಯಲ್ಲಿ ಯಾವುದು ಒಳಿತೆಂದು ಇಬ್ಬರೂ ಚರ್ಚಿಸುತ್ತಾರೆ. ಸಹನಿರ್ಧಾರ ಕೊನೆಯ ಎರಡಕ್ಕೆ ಹತ್ತಿರ. 'ನೀವೇ ಹೇಳಿ ಡಾಕ್ಟ್ರೇ, ನಿಮ್ಮ ತಾಯಿ ಆಗಿದ್ರೆ ಏನು ಮಾಡ್ತಿದ್ರಿ?' ಎಂಬ ಪ್ರಶ್ನೆಗೆ ಉತ್ತರಿಸದೆ ಪಟ್ಟಿ ಒಪ್ಪಿಸುವ ವೈದ್ಯರು ಮಾಹಿತಿ ಮಾದರಿಯಲ್ಲಿದ್ದಾರೆ. ಸಹನಿರ್ಧಾರದಲ್ಲಿ ವೈದ್ಯರ ಸಲಹೆಗೆ ಜಾಗವಿದೆ. ಕಾರಣ ಹೇಳಿ ಸಲಹೆ ಕೊಡಬೇಕೆಂಬುದಷ್ಟೇ ನಿಯಮ.

ಕುಟುಂಬದ ಪಾತ್ರ

ಭಾರತದ ಆಸ್ಪತ್ರೆಗಳಲ್ಲಿ ರೋಗಿ ಒಬ್ಬರೇ ಬರುವುದು ಕಡಿಮೆ. ಔಷಧ ತರುವುದು, ರಕ್ತಕ್ಕೆ ಓಡಾಡುವುದು, ಬಿಲ್ ಕಟ್ಟುವುದು, ರಾತ್ರಿ ಮಗ್ಗುಲು ಬದಲಿಸುವುದು ಜೊತೆಗಿರುವವರ ಕೆಲಸ. ಕರ್ನಾಟಕದ ಆಸ್ಪತ್ರೆಗಳಲ್ಲಿ ಇವರನ್ನು 'ಅಟೆಂಡರ್' ಅಥವಾ 'ಪೇಷಂಟ್ ಕಡೆಯವರು' ಎಂದು ಕರೆಯುತ್ತಾರೆ. ಆರೈಕೆಯ ಹೊರೆ ಹೊರುವವರೇ ತೀರ್ಮಾನದಲ್ಲೂ ಮುಂದಿರುವುದು ಇದರ ಸಹಜ ಪರಿಣಾಮ.

ಕುಟುಂಬದ ಪಾಲ್ಗೊಳ್ಳುವಿಕೆ ಹಲವು ರೂಪ ತಾಳುತ್ತದೆ. ಕೆಲವು ರೋಗಿಗಳು ತಾವಾಗಿ 'ಮಗನಿಗೆ ಹೇಳಿ, ಅವನು ನೋಡ್ಕೋತಾನೆ' ಎಂದು ಅಧಿಕಾರ ಒಪ್ಪಿಸುತ್ತಾರೆ. ಇದು ರೋಗಿಯ ಆಯ್ಕೆಯೇ ಆದ್ದರಿಂದ ಸಹನಿರ್ಧಾರಕ್ಕೆ ವಿರುದ್ಧವಲ್ಲ. ಇನ್ನು ಕೆಲವೆಡೆ ಮನೆಯವರು ಮೊದಲೇ ವೈದ್ಯರನ್ನು ಕಂಡು 'ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಬೇಡಿ, ಗಡ್ಡೆ ಅಂತಷ್ಟೇ ಹೇಳಿ' ಎಂದು ಕೋರುತ್ತಾರೆ. ಇದರ ಹಿಂದಿರುವುದು ಬಹುತೇಕ ಪ್ರೀತಿ ಮತ್ತು ಭಯ. ಉಪಶಾಮಕ ಚಿಕಿತ್ಸೆಯ ಬರಹಗಳಲ್ಲಿ ಇದಕ್ಕೆ 'ಪಿತೂರಿ' ಎಂಬ ಕಟುವಾದ ಪಾರಿಭಾಷಿಕ ಹೆಸರಿದೆ. ಕೀಮೋಥೆರಪಿ ವಾರ್ಡಿನಲ್ಲಿ ಕೂತ ರೋಗಿಗೆ ಕಾಯಿಲೆಯ ಹೆಸರು ಬಹುಕಾಲ ತಿಳಿಯದಿರುವುದು ಅಸಂಭವ. ತಿಳಿದೂ ತಿಳಿಯದಂತೆ ಎರಡೂ ಕಡೆಯವರು ನಟಿಸುವ ಸ್ಥಿತಿ ಬಂದರೆ, ಮುಂದಿನ ಚಿಕಿತ್ಸೆಯ ಬಗ್ಗೆ ನೇರ ಮಾತು ಸಾಧ್ಯವಾಗುವುದಿಲ್ಲ. ಇಂಥಲ್ಲಿ ಅನುಸರಿಸುವ ಕ್ರಮ ಹೀಗಿದೆ: ಮನೆಯವರ ಆತಂಕವನ್ನು ಕೇಳಿಸಿಕೊಳ್ಳುವುದು, ಬಲವಂತವಾಗಿ ಹೇಳುವುದಿಲ್ಲವೆಂದು ಭರವಸೆ ಕೊಡುವುದು, ರೋಗಿ ತಾನಾಗಿ ಕೇಳಿದರೆ ಸುಳ್ಳು ಹೇಳಲಾಗದೆಂದು ತಿಳಿಸುವುದು, ಬಳಿಕ ಎಷ್ಟು ತಿಳಿಯಬೇಕೆಂದು ರೋಗಿಯನ್ನೇ ವಿಚಾರಿಸುವುದು.

ಕುಟುಂಬವೆಂದರೆ ಒಂದೇ ದನಿಯಲ್ಲ. ನಿತ್ಯ ನೋಡಿಕೊಳ್ಳುವ ಸೊಸೆ ಅಥವಾ ಮಗಳ ಅಭಿಪ್ರಾಯ ಸಹಿ ಹಾಕುವ ಹೊತ್ತಿಗೆ ಕೇಳಿಸದೆ ಹೋಗಬಹುದು. ದೂರದ ಊರಿನಿಂದ ಕೊನೆಗೆ ಬಂದಿಳಿದ ಮಗ ಅಲ್ಲಿಯವರೆಗಿನ ತೀರ್ಮಾನಗಳನ್ನು ತಿರುಗಿಸುವುದು ತೀವ್ರನಿಗಾ ಘಟಕದ ವೈದ್ಯರಿಗೆ ಪರಿಚಿತ ಸನ್ನಿವೇಶ. ಮನೆಯವರೆಲ್ಲರನ್ನೂ ಒಟ್ಟಿಗೆ ಕೂರಿಸಿ ಸಭೆ ನಡೆಸಿ, ಆಡಿದ ಮಾತನ್ನು ಕೇಸ್ ಶೀಟಿನಲ್ಲಿ ದಾಖಲಿಸುವುದು ಇದಕ್ಕೆ ಸೂಚಿಸಿರುವ ಪರಿಹಾರ.

ಭಾರತದ ಕಾನೂನು

ಮೂಲ ತೀರ್ಪು 2008ರ ಜನವರಿ 16ರಂದು ಸುಪ್ರೀಂ ಕೋರ್ಟು ಕೊಟ್ಟ ಸಮೀರಾ ಕೊಹ್ಲಿ ಪ್ರಕರಣದ್ದು. 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು 1995ರಲ್ಲಿ ಲ್ಯಾಪರೋಸ್ಕೋಪಿ ತಪಾಸಣೆಗೆ ಒಪ್ಪಿ ಅರಿವಳಿಕೆ ಪಡೆದಿದ್ದರು. ಅವರು ಪ್ರಜ್ಞೆಯಲ್ಲಿಲ್ಲದಾಗ, ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಯಿತು. ರೋಗಿ ವಯಸ್ಕರು, ತುರ್ತು ಇರಲಿಲ್ಲ, ಎಚ್ಚರವಾಗುವವರೆಗೆ ಕಾಯಬಹುದಿತ್ತು. ಆದ್ದರಿಂದ ತಾಯಿಯ ಸಹಿಗೆ ಬೆಲೆಯಿಲ್ಲ ಎಂದು ನ್ಯಾಯಾಲಯ ಹೇಳಿತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಅನ್ವಯಿಸದು ಎಂಬುದೂ ಇದೇ ತೀರ್ಪಿನ ಮಾತು. ಹೇಳಬೇಕಾದ ಮಾಹಿತಿಯ ಮಟ್ಟದಲ್ಲಿ ಮಾತ್ರ ನ್ಯಾಯಾಲಯ ಅಮೆರಿಕದಷ್ಟು ದೂರ ಹೋಗದೆ, ರೋಗಿ ಸಮತೂಕದ ತೀರ್ಮಾನ ಮಾಡಲು ಸಾಲುವಷ್ಟು ಎಂಬ ಅಳತೆಯನ್ನು ಇಟ್ಟುಕೊಂಡಿತು.

ತುರ್ತಿನಲ್ಲಿ ನಿಯಮ ಬೇರೆ. ಜೀವ ಉಳಿಸುವುದು ಮೊದಲ ಕರ್ತವ್ಯವೆಂದು 1989ರ ಪರಮಾನಂದ ಕಟಾರಾ ತೀರ್ಪು ಹೇಳಿದೆ. ಒಪ್ಪಿಗೆ ಕೊಡುವವರು ಯಾರೂ ಇಲ್ಲವೆಂದು ಕಾಯುತ್ತ ಕೂರುವಂತಿಲ್ಲ.

2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಗಳು, ಕಾಯಿಲೆಯ ಗಂಭೀರತೆಯನ್ನು ಹಿಗ್ಗಿಸಲೂಬಾರದು, ಕುಗ್ಗಿಸಲೂಬಾರದು ಎನ್ನುತ್ತವೆ. ರೋಗಿಗೆ, ಬಂಧುಗಳಿಗೆ ಅಥವಾ ಜವಾಬ್ದಾರಿಯುತ ಸ್ನೇಹಿತರಿಗೆ ಸ್ಥಿತಿ ತಿಳಿಸಬೇಕೆನ್ನುತ್ತವೆ. ಶಸ್ತ್ರಚಿಕಿತ್ಸೆಗೆ ಲಿಖಿತ ಒಪ್ಪಿಗೆ ಕೊಡಬಹುದಾದವರನ್ನು ಹೇಳುವಾಗ ಗಂಡ ಅಥವಾ ಹೆಂಡತಿಯನ್ನು ರೋಗಿಗಿಂತ ಮೊದಲೇ ಹೆಸರಿಸಿವೆ. ಸಮೀರಾ ಕೊಹ್ಲಿ ತೀರ್ಪಿನೊಂದಿಗೆ ಇದು ಸರಿಹೊಂದುವುದಿಲ್ಲ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದದ್ದರಿಂದ ಹಳೆಯ ನಿಯಮಗಳೇ ಮುಂದುವರಿದವು. ಗರ್ಭಪಾತಕ್ಕೆ ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕೆಂದು 1971ರ ಕಾಯಿದೆ ಹೇಳುತ್ತದೆ. ಗಂಡನ ಸಹಿ ಕಾನೂನಿನ ಬೇಡಿಕೆಯಲ್ಲ.

2017ರ ಮಾನಸಿಕ ಆರೋಗ್ಯ ಕಾಯಿದೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಂದಿದೆ. ಮುಂಗಡ ನಿರ್ದೇಶನ ಬರೆಯಲು, ತನ್ನ ಪರ ಮಾತನಾಡುವ ಪ್ರತಿನಿಧಿಯನ್ನು ತಾನೇ ನೇಮಿಸಿಕೊಳ್ಳಲು ಅದು ವ್ಯಕ್ತಿಗೆ ಅವಕಾಶ ಕೊಟ್ಟಿದೆ. ಆ ಪ್ರತಿನಿಧಿ ಬಂಧುವೇ ಆಗಬೇಕೆಂದಿಲ್ಲ.

ಬಳಕೆಯ ಸಂದರ್ಭಗಳು

ಕ್ಯಾನ್ಸರ್: ಆರಂಭಿಕ ಹಂತದ ಸ್ತನ ಕ್ಯಾನ್ಸರಿನಲ್ಲಿ ಗಡ್ಡೆಯಷ್ಟನ್ನೇ ತೆಗೆದು ವಿಕಿರಣ ಕೊಟ್ಟರೂ, ಪೂರ್ತಿ ಸ್ತನ ತೆಗೆದರೂ ಬದುಕುಳಿಯುವ ಪ್ರಮಾಣ ಒಂದೇ ಎಂದು 20 ವರ್ಷ ಹಿಂಬಾಲಿಸಿದ ಅಧ್ಯಯನಗಳು 2002ರಲ್ಲಿ ತೋರಿಸಿದವು. ಹಾಗಾಗಿ ಇದು ಸಹನಿರ್ಧಾರದ ಪಾಠಗಳಲ್ಲಿ ಮೊದಲು ಬರುವ ಉದಾಹರಣೆ. ಆದರೆ ವಿಕಿರಣಕ್ಕೆ ಕೆಲವು ವಾರ ದಿನವೂ ಹೋಗಬೇಕು. ಯಂತ್ರವಿಲ್ಲದ ಜಿಲ್ಲೆಯ ಮಹಿಳೆಗೆ ಅದರರ್ಥ ಬೆಂಗಳೂರು, ಹುಬ್ಬಳ್ಳಿ ಅಥವಾ ಮಂಗಳೂರಿನಲ್ಲಿ ವಾಸ, ಜೊತೆಗಿರುವವರ ಕೂಲಿ ನಷ್ಟ, ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಡುವುದು. ಈ ಲೆಕ್ಕ ಚರ್ಚೆಗೆ ಬರದಿದ್ದರೆ ಆಯ್ಕೆ ಹೆಸರಿಗಷ್ಟೇ.

ಮೂತ್ರಪಿಂಡ ವೈಫಲ್ಯ: ಇಲ್ಲಿ ನಾಲ್ಕು ದಾರಿಗಳಿವೆ. ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಆಸ್ಪತ್ರೆಯಲ್ಲಿ ಹೀಮೋಡಯಾಲಿಸಿಸ್, ಮನೆಯಲ್ಲೇ ದಿನಕ್ಕೆ ಹಲವು ಸಲ ಹೊಟ್ಟೆಯೊಳಗೆ ದ್ರವ ಬದಲಿಸುವ ಪೆರಿಟೋನಿಯಲ್ ಡಯಾಲಿಸಿಸ್, ಕಸಿ, ಡಯಾಲಿಸಿಸ್ ಇಲ್ಲದೆ ಲಕ್ಷಣಗಳಿಗೆ ಮಾತ್ರ ಚಿಕಿತ್ಸೆ. ಹಣ್ಣು ಹಣ್ಣಾದ ವೃದ್ಧರಿಗೆ ನಾಲ್ಕನೆಯದೂ ಗೌರವಯುತ ಆಯ್ಕೆಯೇ. ಕಸಿಯಲ್ಲಿ ಮನೆಯವರೇ ದಾನಿಗಳಾಗುವುದರಿಂದ ಅವರ ಹಿತವೂ ಪ್ರಶ್ನೆಗೆ ಬರುತ್ತದೆ. ದಾನಿಯ ಜೊತೆ, ರೋಗಿಯಾಗಲಿ ಹಿರಿಯರಾಗಲಿ ಇಲ್ಲದಾಗ, ಪ್ರತ್ಯೇಕವಾಗಿ ಮಾತನಾಡಬೇಕಾದದ್ದು ಇದಕ್ಕೇ.

ಅಂಗದಾನ: 1994ರ ಮಾನವ ಅಂಗ ಕಸಿ ಕಾಯಿದೆಯಡಿ ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳುಕಾಂಡದ ಸಾವನ್ನು ದೃಢಪಡಿಸಬೇಕು. ಆಮೇಲೆ ತೀರ್ಮಾನ ಬಂಧುಗಳದು. ಎದೆ ಇನ್ನೂ ಏರಿಳಿಯುತ್ತಿರುವಾಗ ಸಾವನ್ನು ಒಪ್ಪುವುದೇ ಅವರಿಗೆ ಮೊದಲ ಕಷ್ಟ. ಆದ್ದರಿಂದ ಸಾವಿನ ಸುದ್ದಿಯನ್ನೂ ದಾನದ ಕೋರಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳದಂತೆ ಸಂಯೋಜಕರಿಗೆ ತರಬೇತಿ ಇರುತ್ತದೆ. ಕರ್ನಾಟಕದಲ್ಲಿ ಹಂಚಿಕೆಯನ್ನು 'ಜೀವಸಾರ್ಥಕತೆ' ಸಂಸ್ಥೆ ನೋಡಿಕೊಳ್ಳುತ್ತದೆ. 2021ರ ಜೂನಿನಲ್ಲಿ ನಟ ಸಂಚಾರಿ ವಿಜಯ್ ಅವರ ಕುಟುಂಬ ಕೈಗೊಂಡ ಅಂಗದಾನದ ತೀರ್ಮಾನ ರಾಜ್ಯದಲ್ಲಿ ವ್ಯಾಪಕವಾಗಿ ಸುದ್ದಿಯಾಯಿತು.

ಮಕ್ಕಳು: ಒಪ್ಪಿಗೆ ಹೆತ್ತವರದು. ಆದರೂ ತಿಳಿವಳಿಕೆ ಬಂದ ಮಗುವಿಗೆ ಅದರ ಮಟ್ಟಕ್ಕೆ ವಿವರಿಸಿ ಸಮ್ಮತಿ ಕೇಳುವುದು ರೂಢಿಯಾಗುತ್ತಿದೆ.

ಜೀವನಾಂತ್ಯದ ನಿರ್ಧಾರಗಳು

ಬದಲಿ ನಿರ್ಧಾರಕರ ಪ್ರಶ್ನೆ ಭಾರತದಲ್ಲಿ ಅತಿ ತೀಕ್ಷ್ಣವಾಗಿ ಎದ್ದದ್ದು ಅರುಣಾ ಶಾನಭಾಗ ಪ್ರಕರಣದಲ್ಲಿ. ಉತ್ತರ ಕನ್ನಡದ ಹಳದೀಪುರದ ಅರುಣಾ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ನಡೆದ ಹಲ್ಲೆಯ ನಂತರ ಅವರಿಗೆ ಪೂರ್ಣ ಪ್ರಜ್ಞೆ ಮರಳಲಿಲ್ಲ. ಪತ್ರಕರ್ತೆ ಪಿಂಕಿ ವಿರಾನಿ ಆಹಾರ ನಿಲ್ಲಿಸಲು ಅನುಮತಿ ಕೋರಿದಾಗ, 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಅದನ್ನು ನಿರಾಕರಿಸಿತು. ದಶಕಗಳ ಕಾಲ ಉಣಿಸಿ, ತೊಳೆದು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಅರುಣಾ ಪರ ಮಾತನಾಡಲು ಅರ್ಹರು ಎಂದು ನ್ಯಾಯಾಲಯ ಪರಿಗಣಿಸಿತು. ಅವರು ಅರುಣಾ ಬದುಕಿರಲಿ ಎಂದಿದ್ದರು. ಅದೇ ತೀರ್ಪು, ಹೈಕೋರ್ಟಿನ ಅನುಮತಿಯೊಂದಿಗೆ ಜೀವಾಧಾರ ಹಿಂತೆಗೆಯಲು ದಾರಿ ತೆರೆಯಿತು. ಅರುಣಾ 2015ರ ಮೇ 18ರಂದು ನಿಧನರಾದರು.

2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪು ಘನತೆಯಿಂದ ಸಾಯುವುದನ್ನು ಜೀವಿಸುವ ಹಕ್ಕಿನ ಭಾಗವೆಂದು ಒಪ್ಪಿ, ಮುಂಗಡ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. ಅಂದು ವಿಧಿಸಿದ ಕ್ರಮ ಎಷ್ಟು ಜಟಿಲವಾಗಿತ್ತೆಂದರೆ ಪಾಲಿಸುವುದೇ ಕಷ್ಟವಾಯಿತು. 2023ರ ಜನವರಿ 24ರಂದು ಅದನ್ನು ಸಡಿಲಿಸಲಾಯಿತು. ಈಗ ಸ್ವಸ್ಥ ಮನಸ್ಸಿನ ವಯಸ್ಕರು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಜಾರಿಗೊಳಿಸುವ ಮುನ್ನ ಚಿಕಿತ್ಸೆ ನೀಡುವ ವೈದ್ಯರೂ 5 ವರ್ಷ ಅನುಭವವಿರುವ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿ, ಬಳಿಕ ದ್ವಿತೀಯ ಮಂಡಳಿ ಒಪ್ಪಬೇಕು. ಮಂಡಳಿಗಳು ಸಾಧ್ಯವಾದಷ್ಟೂ 48 ಗಂಟೆಯೊಳಗೆ ತೀರ್ಮಾನ ತಿಳಿಸಬೇಕು. ನಿರ್ದೇಶನದಲ್ಲಿ ಹೆಸರಿಸಿದವರ ಅಥವಾ ಬಂಧುಗಳ ಒಪ್ಪಿಗೆಯೂ ಬೇಕು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿತು.

ಜೀವಾಧಾರ ಹಿಂತೆಗೆಯುವುದೂ ಎದೆಬಡಿತ ನಿಂತಾಗ ಪುನಶ್ಚೇತನಕ್ಕೆ ಯತ್ನಿಸದಿರುವುದೂ ಬೇರೆ ಬೇರೆ. ಎರಡನೆಯದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ಇವೆರಡೂ ಅಲ್ಲದ ಮೂರನೆಯದೊಂದು ವಾರ್ಡುಗಳಲ್ಲಿ ಕಾಣುತ್ತದೆ: ಹಣ ಮುಗಿದಾಗ ಅಥವಾ ಆಸೆ ಬತ್ತಿದಾಗ ಮನೆಯವರು 'ವೈದ್ಯರ ಸಲಹೆಗೆ ವಿರುದ್ಧವಾಗಿ' ಎಂದು ಬರೆದುಕೊಟ್ಟು ರೋಗಿಯನ್ನು ಕರೆದೊಯ್ಯುವುದು. ಕಾಗದದಲ್ಲಿ ಇದು ಮನೆಯವರೊಬ್ಬರದೇ ತೀರ್ಮಾನ. ನೋವಿಗೆ ಮಾರ್ಫಿನ್, ಉಸಿರಾಟದ ಕಷ್ಟಕ್ಕೆ ಔಷಧ ಯಾವುದೂ ಇಲ್ಲದೆ ರೋಗಿ ಮನೆ ಸೇರುವುದು ಇದರ ದೊಡ್ಡ ದೋಷ. ಉಪಶಾಮಕ ಚಿಕಿತ್ಸೆ ಸಿಗುವೆಡೆ ಇದನ್ನು ತಪ್ಪಿಸಬಹುದು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತಿದೆ.

ನೆರವಿನ ಸಾಧನಗಳು

ಆಯ್ಕೆಗಳನ್ನು ಚಿತ್ರ, ಅಂಕಿ, ಪ್ರಶ್ನೆಗಳ ಮೂಲಕ ವಿವರಿಸುವ ಕಿರುಹೊತ್ತಿಗೆ, ವಿಡಿಯೊಗಳಿಗೆ 'ನಿರ್ಧಾರ ನೆರವು' ಎಂದು ಹೆಸರು. 209 ಅಧ್ಯಯನಗಳನ್ನು ಒಟ್ಟುಗೂಡಿಸಿದ 2024ರ ಕೊಕ್ರೇನ್ ವಿಮರ್ಶೆಯ ಪ್ರಕಾರ ಇವುಗಳಿಂದ ರೋಗಿಯ ತಿಳಿವಳಿಕೆ ಹೆಚ್ಚುತ್ತದೆ, ತನ್ನ ಮೌಲ್ಯಗಳಿಗೆ ಹೊಂದುವ ಆಯ್ಕೆ ಮಾಡುವ ಸಾಧ್ಯತೆಯೂ ಹೆಚ್ಚುತ್ತದೆ. ಹೆಚ್ಚಿನವು ಇಂಗ್ಲಿಷಿನವು. ಅನುವಾದಿಸಿದರೂ ಡಯಾಲಿಸಿಸ್ ಕೇಂದ್ರಕ್ಕೆ ಬಸ್ಸಿದೆಯೇ ಎಂಬಂಥ ಪ್ರಶ್ನೆ ಅವುಗಳಲ್ಲಿ ಇರುವುದಿಲ್ಲ.

ಇಂದಿನ ಸ್ಥಿತಿ

ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಸಹನಿರ್ಧಾರಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಅಮೆರಿಕದ ವಾಷಿಂಗ್ಟನ್ ರಾಜ್ಯ 2007ರಲ್ಲೇ ಅದಕ್ಕೆ ಕಾನೂನಿನ ಬೆಂಬಲ ಕೊಟ್ಟಿತ್ತು. ಭಾರತದಲ್ಲಿ 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನ ಕಲಿಸುವ ಪ್ರತ್ಯೇಕ ಘಟಕ ಸೇರಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ರೋಗಿಗಳ ಸನ್ನದು ಬಂದಿದೆ.

ಅಡ್ಡಿಗಳಲ್ಲಿ ಮೊದಲನೆಯದು ಸಮಯ: ಹೊರರೋಗಿ ವಿಭಾಗದ ಸಾಲು ಉದ್ದವಿರುವಲ್ಲಿ ಪ್ರತಿ ರೋಗಿಗೆ ಸಿಗುವುದು ಕೆಲವೇ ನಿಮಿಷ. ಎರಡನೆಯದು ಭಾಷೆ: ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಸಹಿ ಮಾಡುವವರು ಓದುವುದು 'ರೋಗಿಯೊಂದಿಗೆ ಸಂಬಂಧ' ಎಂಬ ಸಾಲಿನ ಪಕ್ಕದ ಖಾಲಿ ಜಾಗವನ್ನಷ್ಟೇ. ಅವಿಶ್ವಾಸವೂ ಸೇರಿದೆ. ಆಸ್ಪತ್ರೆಗಳ ಮೇಲಿನ ದಾಳಿ ತಡೆಯಲು ರಾಜ್ಯ 2009ರಲ್ಲಿ ಕಾಯಿದೆ ಮಾಡಬೇಕಾಯಿತು. ದಾಳಿಗೆ ಹೆದರುವ ವೈದ್ಯರು ಒಪ್ಪಿಗೆ ಪತ್ರವನ್ನು ಮಾತುಕತೆಯ ದಾಖಲೆಗಿಂತ ತಮ್ಮ ರಕ್ಷಣೆಯ ಕಾಗದವಾಗಿ ನೋಡತೊಡಗುತ್ತಾರೆ.

ಜೀವಾಧಾರ ಹಿಂತೆಗೆತದ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ಕರಡು ಮಾರ್ಗಸೂಚಿಯನ್ನು ಸಾರ್ವಜನಿಕರ ಮುಂದಿಟ್ಟಿತು. ಅಂಗದಾನದ ಕಾಯಿದೆ 'ಹತ್ತಿರದ ಬಂಧು' ಯಾರೆಂದು ಪಟ್ಟಿ ಕೊಡುತ್ತದೆ. ಆದರೆ ಪ್ರಜ್ಞೆ ತಪ್ಪಿದ ವಯಸ್ಕರ ಸಾಮಾನ್ಯ ಚಿಕಿತ್ಸೆಗೆ ಹೆಂಡತಿ, ಮಗ, ತಾಯಿ, ಅಣ್ಣ ಇವರಲ್ಲಿ ಯಾರ ಮಾತು ಮೊದಲು ನಡೆಯಬೇಕೆಂದು ಹೇಳುವ ಕಾಯಿದೆ ಭಾರತದಲ್ಲಿಲ್ಲ.